ಎರಡು ಕಾರ್ಬುರೇಟರಿನ ಮೇಲೆ ಕೆಂಗೇರಿಗೆ

ಭಾನುವಾರ ಬೆಳಗ್ಗೆ ರಾಜಾಜಿನಗರದ ನಮ್ಮ ಬಾಡಿಗೆ ಮನೆಯ ಗೇಟು ದಾಟುವಾಗ ನನ್ನ ಎದೆ ಎಂಜಿನ್ನಿಗಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಹೋಗಬೇಕಾದದ್ದು ಕೆಂಗೇರಿ ಉಪನಗರಕ್ಕೆ, ಹದಿನೈದು ಕಿಲೋಮೀಟರಿನ ಆಸುಪಾಸು. ಕಾಶಿಗೆ ಹೊರಟವರೂ ಅಷ್ಟು ಸಂಭ್ರಮಪಟ್ಟಿರಲಿಕ್ಕಿಲ್ಲ. ನಾವು ಕೂತದ್ದು ನಮ್ಮ ಯಜಮಾನರು ವರ್ಷಗಟ್ಟಲೆ ಬಿಡಿಭಾಗ ತರಿಸಿ ತರಿಸಿ ಮನೆಯ ಶೆಡ್ಡಿನಲ್ಲೇ ಜೋಡಿಸಿದ ಕಿಟ್ ಕಾರಿನಲ್ಲಿ. ಎರಡೇ ಸೀಟು, ಮೇಲೆ ಚಾವಣಿ ಇಲ್ಲ, ಮುಂದೆ ಉದ್ದನೆಯ ಮೂತಿ.

ಮನೆ ಕೆಡವುತ್ತೇವೆಂದು ಮಾಲೀಕರು ಹೇಳಿದ್ದರು. ಕಾರಿಗೆ ಜಾಗ ಕೊಡಲು ಕೆಂಗೇರಿಯಲ್ಲಿರುವ ನಾದಿನಿ ಗಾಯತ್ರಿ ಒಪ್ಪಿದಳು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಮ್ಮವರು ಎಲ್ಲರ ಮುಂದೆ ಒಂದು ಶಪಥ ಮಾಡಿಬಿಟ್ಟರು: "ತಾನಾಗೇ ಓಡ್ಕೊಂಡು ಹೋದ್ರೆ ಅದು ಕಾರು. ಎಳಸ್ಕೊಂಡು ಹೋಗ್ಬೇಕು ಅಂದ್ರೆ ನೇರ ಗುಜರಿಗೆ." ಅವರು ಹಟಕ್ಕೆ ಬಿದ್ದರೆ ಹರಿಹರ ಬ್ರಹ್ಮರು ಬಂದರೂ ಕೇಳುವವರಲ್ಲ. ಗುಜರಿಗೆ ಕೊಟ್ಟು ಆಮೇಲೆ ಬಾಳಿಡೀ ಮಂಕಾಗಿ ಕೂರುವವರೂ ಅವರೇ. ನನಗಿದ್ದ ಭಯ ಅದು.

ಈ ಎಂಜಿನ್ನಿಗೆ ಪೆಟ್ರೋಲು, ಗಾಳಿ ಬೆರೆಸಿ ಊಡುವ ಕಾರ್ಬುರೇಟರು ಒಂದಲ್ಲ, ಎರಡು. ಎರಡೂ ಸಮಸಮವಾಗಿ ಗಾಳಿ ಎಳೆಯಬೇಕು, ಇಲ್ಲದಿದ್ದರೆ ಎಂಜಿನ್ನು ಕೆಮ್ಮುತ್ತದೆ. ರಬ್ಬರ್ ಪೈಪಿನ ಒಂದು ತುದಿಯನ್ನು ಕಾರ್ಬುರೇಟರಿನ ಬಾಯಿಗೆ, ಇನ್ನೊಂದನ್ನು ಕಿವಿಗೆ ಹಿಡಿದು, 'ಸುಸ್' ಎನ್ನುವ ಸದ್ದು ಎರಡರಲ್ಲೂ ಒಂದೇ ಆಗುವವರೆಗೆ ತಿರುಪು ತಿರುಗಿಸಬೇಕು. ನಮ್ಮ ಮನೆಯಲ್ಲಿ ತಿರುಪು ಅವರದು, ಕಿವಿ ನನ್ನದು. "ಪಕ್ಕದ್ಮನೆ ಜಗಳಾನೇ ಬಿಡದ ಕಿವಿ, ಇದ್ಯಾವ ಲೆಕ್ಕ ಕಣೇ" ಎನ್ನುವುದು ಅವರು ನನ್ನನ್ನು ಹೊಗಳುವ ರೀತಿ.

ಹೊರಡುವ ಮೊದಲು ಅತ್ತೆ ಪೂಜೆ ಮಾಡಿದ್ದರು. ಚಕ್ರಗಳಿಗೆ ನಿಂಬೆಹಣ್ಣು, ಮೂತಿಗೆ ಸೇವಂತಿಗೆ ಹಾರ. ಬಾನೆಟ್ ತೆಗೆಸಿ, "ಇದು ಉಸಿರಾಡೋದು ಎಲ್ಲಿಂದಪ್ಪಾ?" ಎಂದು ಮಗನನ್ನು ಕೇಳಿ, ಎರಡೂ ಕಾರ್ಬುರೇಟರಿನ ಬಾಯಿಗೆ ಒಂದೊಂದು ತುಂಡು ಹೂವಿಟ್ಟು ಕೈಮುಗಿದರು. ನಮ್ಮವರು ಹೂವು ತೆಗೆದು ಬಾನೆಟ್ ಮುಚ್ಚಿದರು. ಕಾರಿನಲ್ಲಿ ಅತ್ತೆಗೆ ಜಾಗವಿರಲಿಲ್ಲ. ಅವರು ಆಟೋದಲ್ಲಿ ವಿಜಯನಗರಕ್ಕೆ ಹೋಗಿ ಅಲ್ಲಿಂದ ಮೆಟ್ರೋ ಹಿಡಿಯುವುದೆಂದಾಯಿತು. "ನಿಮಗಿಂತ ಮೊದ್ಲು ನಾನೇ ಸೇರ್ತೀನಿ, ನೋಡ್ತಾ ಇರಿ" ಎಂದು ಆಟೋ ಹತ್ತಿದರು.

ಕಾರ್ಡ್ ರೋಡ್ ಖಾಲಿ ಇತ್ತು. ಮೋಡದ ತಂಪು ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಬಸ್ಸಿನ ಕಿಟಕಿಗಳಿಂದ ಜನ ಕತ್ತು ಹೊರಹಾಕಿ ನೋಡುತ್ತಿದ್ದರು. ನಾನು ನಾಚಿಕೆಯಿಲ್ಲದೆ ಎಲ್ಲರಿಗೂ ಕೈಬೀಸಿದೆ. ಮಾಗಡಿ ರಸ್ತೆಯ ಸಿಗ್ನಲ್ಲಿನಲ್ಲಿ ಎಂಜಿನ್ನು ಮೊದಲ ಸಲ ಕೆಮ್ಮಿತು. ವಿಜಯನಗರದಲ್ಲಿ ನಿಲ್ಲಿಸಿ, ತಟ್ಟೆ ಇಡ್ಲಿ ತಿಂದು, ಪೈಪು ಹಿಡಿದೆವು. ಹಿಂದಿನ ಕಾರ್ಬುರೇಟರಿನ ಸದ್ದು ಸಣ್ಣಗಿತ್ತು. ಅವರು ಅದರ ತಿರುಪು ತಿರುಗಿಸಿ ಸದ್ದು ಸಮ ಮಾಡಿದರು. ಅತ್ತಿಗುಪ್ಪೆ ಬರುವಷ್ಟರಲ್ಲಿ ಮತ್ತೆ ಕೆಮ್ಮು, ಮತ್ತೆ ತಿರುಪು. ಮೈಸೂರು ರಸ್ತೆಗೆ ತಿರುಗಿ ಬಾಪೂಜಿ ನಗರದ ಹತ್ತಿರ ಬಂದಾಗ ಕಾರು ಎರಡು ಸಲ ಜಗ್ಗಿ, ಮೆಟ್ರೋ ಕಂಬದ ಪಕ್ಕ ನಿಂತೇಬಿಟ್ಟಿತು.

ಊಟ ತಲುಪಿಸುವ ಯುವಕನೊಬ್ಬ ಬೈಕ್ ನಿಲ್ಲಿಸಿದ. ಗದಗದ ಕಡೆಯವನಂತೆ.

"ಏನ್ ಮಸ್ತ್ ಗಾಡಿ ಐತ್ರಿ ಸರ! ಎಲ್ಲಿ ತಗೊಂಡ್ರಿ?"

"ಮನೇಲೇ ಮಾಡಿದ್ದಪ್ಪಾ."

"ಮನ್ಯಾಗ ಮಾಡೀರಿ?" ಅವನು ಸುತ್ತ ಒಂದು ಪ್ರದಕ್ಷಿಣೆ ಹಾಕಿದ. "ನಮ್ಮ ದೋಸ್ತಂದು ಟೆಂಪೋ ಐತ್ರಿ. ಹಗ್ಗ ಕಟ್ಟಿ ಎಳ್ಕೊಂಡು ಹೋಗೋಣ. ಫೋನ್ ಹಚ್ಲೇನ್ರಿ?"

ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದ. ನಮ್ಮವರು ಕೈಯೊರೆಸಿಕೊಂಡು ಕಾರಿನ ಮೂತಿಯನ್ನೊಮ್ಮೆ ಸವರಿದರು. "ಹಚ್ಚಪ್ಪಾ" ಎಂದರು. ನನಗೆ ಸಿಟ್ಟು ಬಂತು.

"ಹಚ್ಬೇಡಪ್ಪಾ! ರೀ, ಸ್ಟಾರ್ಟ್ ಮಾಡಿ. ಇನ್ನೊಂದ್ ಸಲ ಕೇಳ್ತೀನಿ."

"ಇನ್ನೇನ್ ಕೇಳೋದಿದೆ ಲಲಿತಾ, ಬಿಡು."

"ಮಾಡಿ ಅಂದೆ!"

ಎಂಜಿನ್ನು ಒಲ್ಲದ ಮನಸ್ಸಿನಿಂದ ಹೊತ್ತಿಕೊಂಡಿತು. ಒಂದು ಕಿವಿಗೆ ಬೆರಳು ತುರುಕಿ, ಇನ್ನೊಂದಕ್ಕೆ ಪೈಪು ಒತ್ತಿದೆ. ಆ ಯುವಕ ರಸ್ತೆಯ ಕಡೆ ತಿರುಗಿ, "ಹಾರ್ನ್ ಹೊಡೀಬ್ಯಾಡ್ರೋ, ಅಕ್ಕಾರು ಕೇಳಾಕತ್ತಾರ!" ಎಂದು ಬಸ್ಸುಗಳಿಗೇ ಕೂಗತೊಡಗಿದ. ಬಸ್ಸುಗಳು ಕೇಳಲಿಲ್ಲ, ನನಗೆ ಕೇಳಿಸಿತು. ಹಿಂದಿನ ಕಾರ್ಬುರೇಟರಿನ 'ಸುಸ್' ಒಳಗೆ ಸಣ್ಣಗೆ ಪಟಪಟ, ಗಾಳಿಪಟದ ಬಾಲ ಹೊಡೆದುಕೊಂಡಂತೆ.

"ಒಳಗೆ ಏನೋ ಇದೆ ಕಣ್ರೀ!"

ಎಂಜಿನ್ ನಿಲ್ಲಿಸಿ ಫೋನಿನ ಬೆಳಕು ಬಿಟ್ಟು ನೋಡಿದೆವು. ಹೂವು ಕಟ್ಟಿದ್ದ ಬಾಳೆನಾರಿನ ಒಂದೆಳೆ, ಅದಕ್ಕೆ ಅಂಟಿಕೊಂಡು ಪೆಟ್ರೋಲಿನಲ್ಲಿ ನೆಂದ ನಾಲ್ಕಾರು ಸೇವಂತಿಗೆ ಎಸಳು! ಹೂವು ತೆಗೆಯುವಾಗ ನಾರು ಒಳಗೇ ಉಳಿದಿತ್ತು. ಅಲ್ಲಿಯವರೆಗೆ ನಾವು ದಾರಿಯುದ್ದಕ್ಕೂ ಪೂಜೆಯ ಪ್ರಸಾದಕ್ಕೆ ತಿರುಪು ತಿರುಗಿಸುತ್ತಿದ್ದೆವು. ಹೇರ್‌ಪಿನ್ನಿನಿಂದ ಎಲ್ಲ ಎಳೆದು ತೆಗೆದು ಸ್ಟಾರ್ಟ್ ಮಾಡಿದರೆ ಎಂಜಿನ್ನು ಹುಚ್ಚು ಹಿಡಿದಂತೆ ಅಬ್ಬರಿಸಿತು, ತಿರುಪು ಅಷ್ಟು ಅತಿಯಾಗಿ ತೆರೆದಿತ್ತು. ಅವರು ತಿರುಪು ಇಳಿಸುತ್ತ ಬಂದರು. ನಾನು ಪೈಪನ್ನು ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಹಿಡಿಯುತ್ತ "ಇನ್ನೊಂಚೂರು, ಇನ್ನೊಂಚೂರು, ಸಾಕು!" ಎಂದೆ. ಎರಡರಲ್ಲೂ ಒಂದೇ ಸದ್ದು. ಖುಷಿಗೆ ರಸ್ತೆಯಲ್ಲೇ ಕುಣಿಯುವುದೊಂದು ಬಾಕಿ.

"ಅಮ್ಮನಿಗೆ ಹೇಳ್ಬೇಡ" ಎಂದರು ನಮ್ಮವರು.

ನಾಯಂಡಹಳ್ಳಿಯಲ್ಲಿ ಚರಂಡಿಯಾಗಿ ಹರಿಯುವ ವೃಷಭಾವತಿ ಹೊಳೆಯ ವಾಸನೆ ಪೂರ್ತಿ ನಮ್ಮದಾಯಿತು. ಚಾವಣಿ ಇಲ್ಲದ ಕಾರಿನ ಪಾಡು ಅದು. ಆಮೇಲೆ ಆರ್.ಆರ್. ನಗರದ ಕಮಾನು ದಾಟಿದ್ದೇ ತಿಳಿಯಲಿಲ್ಲ. ಅರವತ್ತರ ವೇಗದಲ್ಲಿ ಎಂಜಿನ್ನು ಒಂದೇ ಶ್ರುತಿಯಲ್ಲಿ ಹಾಡುತ್ತಿತ್ತು. ನಾವಿಬ್ಬರೂ ಸುಮ್ಮಸುಮ್ಮನೆ ನಗುತ್ತಿದ್ದೆವು.

ಗಾಯತ್ರಿ ಮನೆಯ ಗೇಟಿನಲ್ಲಿ ಅತ್ತೆ ನಿಂತಿದ್ದರು, ಹೇಳಿದಂತೆ ನಮಗಿಂತ ಮೊದಲೇ. ಕಾರು ನಿಲ್ಲುತ್ತಲೇ, "ನಾನೂ ಒಂದ್ ರೌಂಡ್ ಕೂರ್ಬೇಕು ಕಣೋ" ಎಂದರು. ನಮ್ಮವರು ಎಂಜಿನ್ ಆರಿಸದೆ ಕೆಳಗಿಳಿದು ನನ್ನ ಕಡೆ ನೋಡಿದರು.

"ನೀನೇ ಓಡಿಸು ಹೋಗೇ. ದಿನಾ ಪಾಠ ಮಾಡೋಕೆ ಕಾಲೇಜಿಗೆ ಕಾರು ಓಡಿಸ್ಕೊಂಡು ಹೋಗೋಳಿಗೆ ಇದೇನು."

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿ ಕೂತರು. ನಾನು ಹೊರಟೆ. ರಸ್ತೆಯ ತುದಿಯಲ್ಲಿ ಕನ್ನಡಿ ನೋಡಿದರೆ ನಮ್ಮವರು ರಸ್ತೆಯ ನಡುವೆ ನಿಂತಿದ್ದರು. ಇಷ್ಟು ವರ್ಷ ಅದರ ಅಡಿಯಲ್ಲಿ ಮಲಗಿದ್ದರು, ಬಾನೆಟ್ಟಿನೊಳಗೆ ತಲೆ ಇಟ್ಟಿದ್ದರು, ಇವತ್ತು ಸ್ಟಿಯರಿಂಗ್ ಹಿಡಿದಿದ್ದರು. ತಮ್ಮ ಕಾರು ಓಡುವುದನ್ನು ಅವರು ಹೊರಗೆ ನಿಂತು ನೋಡಿದ್ದು ಅದೇ ಮೊದಲು. ಎರಡೂ ಕೈಯನ್ನು ತಲೆಯ ಮೇಲಿಟ್ಟು, ಬೆರಗಿನಿಂದ ಬಾಯಿಬಿಟ್ಟುಕೊಂಡು ನೋಡುತ್ತಿದ್ದರು. ಒಂದು ಸುತ್ತು ಮುಗಿಸಿ ಬಂದರೂ ನಾನು ಗೇಟಿನ ಕಡೆ ತಿರುಗಿಸಲಿಲ್ಲ. ಇನ್ನೊಂದು ಸುತ್ತು ಹೊಡೆದು, ಬೇಕೆಂದೇ ಅವರ ಮುಂದೆ ನಿಧಾನವಾಗಿ ಹಾದುಹೋದೆ.