ಜಾಗ ನೋಡಿ ಬರುವುದು

ನೀರಿನ ದಂಡೆಯ ಮೇಲೆ ಡೇರೆ ಹಾಕಿ ಒಂದು ರಾತ್ರಿ ಇದ್ದು ಬರೋಣ ಎಂದು ಮೊದಲು ಹೇಳಿದ್ದು ಯಾರು ಎಂಬ ವಿಷಯದಲ್ಲಿ ನನಗೂ ನನ್ನ ಗಂಡನಿಗೂ ಇನ್ನೂ ಒಮ್ಮತವಿಲ್ಲ. ಅವರು ಎಂದು ನಾನು, ನಾನು ಎಂದು ಅವರು. ದಿನಚರಿ ತೆಗೆದು ನೋಡಿದರೆ ಅದರಲ್ಲಿ ಇಷ್ಟೇ ಇದೆ: ‘ಡೇರೆ ಬಂತು. ಇಬ್ಬರಿಗೆ ಸಾಕು.’ ತರಿಸಿದವರು ಯಾರೆಂದಿಲ್ಲ. ನಾನೇ ಬರೆದ ದಿನಚರಿ, ಸಾಕ್ಷಿ ಹೇಳುವ ಹೊತ್ತಿಗೆ ನನಗೇ ಕೈ ಕೊಡುತ್ತದೆ.

ಆದರೆ ನನಗೆ ಏನು ಬೇಕಾಗಿತ್ತು ಎಂಬುದಕ್ಕೆ ದಿನಚರಿ ಬೇಕಿಲ್ಲ. ಒಂದು ಹಗಲು, ಒಂದು ರಾತ್ರಿ ಹಿಟ್ಟು ಮುಟ್ಟಬಾರದು. ಅಷ್ಟೆ. ಗೋಕಾಕದ ನಮ್ಮ ಮನೆಯಲ್ಲಿ ಬೆಳಗಿನ ಆರು ಗಂಟೆಗೆ ರೊಟ್ಟಿ ಬಡಿಯುವುದು ಶುರುವಾಗುತ್ತದೆ. ನಾನು ಬಡಿಯುವುದು, ಅತ್ತೆ ಬೇಯಿಸುವುದು. ಆಮೇಲೆ ನಾನು ಮೂಡಲಗಿಯ ಕಾಲೇಜಿಗೆ ಪಾಠ ಹೇಳಲು ಬಸ್ಸು ಹಿಡಿಯುತ್ತೇನೆ, ಗಂಡ ಅರಭಾವಿಗೆ ಕೆಲಸಕ್ಕೆ ಹೋಗುತ್ತಾರೆ. ರವಿವಾರ ರಜೆ, ಹಾಗಾಗಿ ನೆಂಟರು ಬರುತ್ತಾರೆ, ಹಾಗಾಗಿ ರೊಟ್ಟಿ ಇಮ್ಮಡಿ. ಒಮ್ಮೆ ಮದುವೆಗೆಂದು ಹುಕ್ಕೇರಿಯ ಕಡೆ ಹೋದಾಗ ಬಸ್ಸಿನ ಕಿಟಕಿಯಿಂದ ಹಿಡಕಲ್ ಜಲಾಶಯದ ಹಿನ್ನೀರು ಕಂಡಿತ್ತು. ನೀರು ಹಿಂದೆ ಸರಿದ ಕಡೆಯಲ್ಲೆಲ್ಲ ಹಸಿರು ಹುಲ್ಲು, ಕಣ್ಣು ಹಾಯುವಷ್ಟು ದೂರ. ಅಲ್ಲಿ ಒಂದೇ ಒಂದು ಒಲೆ ಇರಲಿಲ್ಲ. ಇದ್ದರೂ ನನಗೆ ಕಂಡಿರಲಿಕ್ಕಿಲ್ಲ.

ಡೇರೆ ಬಂದ ದಿನ ಅದನ್ನು ಮಾಳಿಗೆಯ ಮೇಲೆ ಬಿಚ್ಚಿ ನಿಲ್ಲಿಸಿದೆವು. ಅತ್ತೆ ಮೆಟ್ಟಿಲು ಹತ್ತಿ ಬಂದು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

“ಸೊಳ್ಳಿ ಪರದೆ ಚಲೋ ಐತಿ. ಕಾಟ್ ಎಲ್ಲೈತಿ?”

“ಕಾಟ್ ಇರೂದಿಲ್ಲಬೇ. ನೆಲದ ಮ್ಯಾಲ ಮಲಗೂದು,” ಎಂದರು ನನ್ನ ಗಂಡ.

“ನೆಲದ ಮ್ಯಾಲ ಮಲಗಾಕ ರೊಕ್ಕಾ ಕೊಟ್ಟಿಯೇನೋ!”

ಅಷ್ಟರಲ್ಲಿ ಗಂಡನ ಕಾಕಾ ಚಹಾದ ಹೊತ್ತಿಗೆ ಸರಿಯಾಗಿ ಬಂದರು. ಮಾವನವರ ತಮ್ಮ. ಎರಡು ಓಣಿ ಆಚೆ ಇದ್ದಾರೆ. ಡೇರೆ ನೋಡಿ, ಎಲ್ಲಿಗೆ, ಯಾವಾಗ ಎಂದೆಲ್ಲ ಕೇಳಿದರು. ನಮ್ಮ ಕಡೆ ಎಲ್ಲಿಗಾದರೂ ಹೊರಟಿದ್ದೇವೆ ಎಂದು ಹೇಳಿ, ಎದುರಿಗಿದ್ದವರಿಗೆ ‘ನೀವೂ ಬರ್ರಿ’ ಎನ್ನದೆ ಬಿಡುವುದು ಚಹಾ ಕೊಡದೆ ಕಳಿಸಿದಷ್ಟೇ ಕೆಟ್ಟದ್ದು. ಹಾಗೆ ಕರೆಸಿಕೊಂಡವರು ‘ಅಯ್ಯ, ನೀವು ಹೋಗಿ ಬರ್ರಿ’ ಅನ್ನಬೇಕು. ಅದೂ ಪದ್ಧತಿಯೇ. ಆ ಪದ್ಧತಿಯ ಎರಡನೆಯ ಅರ್ಧ ಕಾಕಾಗೆ ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಒಪ್ಪಿಗೆಯಿಲ್ಲ.

“ಬರಾಕಬೇಕಲ್ಲ ಮತ್ತ! ನೀವಿಬ್ಬರಽ ಅಡವ್ಯಾಗ ಹ್ಯಾಂಗ ಇರ್ತೀರಿ?” ಎಂದರು.

‘ಬರ್ರಿ’ ಎಂದದ್ದು ನನ್ನ ಗಂಡ ಎಂದು ನಾನು ಎಷ್ಟೋ ಜನರ ಮುಂದೆ ಹೇಳಿಕೊಂಡು ಬಂದಿದ್ದೇನೆ. ಅವರ ಧ್ವನಿಯೂ, ಕೈ ಮಾಡಿದ ರೀತಿಯೂ ನನಗೆ ನೆನಪಿದೆ. ಇದನ್ನು ಬರೆಯಲು ಕೂತಾಗ ದಿನಚರಿ ತಿರುವಿದೆ. ‘ಕಾಕಾ ಬಂದಿದ್ದರು. ನೀವೂ ಬರ್ರಿ ಅಂದೆ.’ ಅಂದೆ! ನನ್ನದೇ ಅಕ್ಷರ. ಗಂಡನಿಗೆ ಇದನ್ನು ಇನ್ನೂ ತೋರಿಸಿಲ್ಲ.

ಕಾಕಾ ತಮ್ಮ ಕಣಗಲಾದ ಬೀಗರಿಗೆ ಫೋನ್ ಮಾಡಿ ಅದೇ ಮಾತು ಹೇಳಿದರು. ಬೀಗರಿಗೂ ಪದ್ಧತಿಯ ಎರಡನೆಯ ಅರ್ಧ ಗೊತ್ತಿರಲಿಲ್ಲ. ವಾರ ತುಂಬುವುದರೊಳಗೆ ನಾವು ಹದಿನೇಳು ಜನ ಆದೆವು. ಇಬ್ಬರ ಡೇರೆಯ ಪ್ರಶ್ನೆ ಬಂದಾಗ ಕಾಕಾ, “ಅದರಾಗ ಚಪ್ಪಲಿ, ಚೀಲಾ ಇಡೂಣಂತ,” ಎಂದು ಬಗೆಹರಿಸಿದರು.

ಆಮೇಲೆ ಅತ್ತೆ ಬುತ್ತಿಯ ಲೆಕ್ಕಕ್ಕೆ ಕೂತರು. ಕಡಕ್ ರೊಟ್ಟಿ ನೂರು. ಮೆತ್ತನ್ನವು ಐವತ್ತು. ಎಣಗಾಯಿ, ಜುಣಕದ ವಡಿ, ಶೇಂಗಾ ಚಟ್ನಿ, ಮೊಸರನ್ನ, ಕಡಬು. ಹಿಂದಿನ ದಿನವೇ ಶುರು ಮಾಡಬೇಕು.

“ಅತ್ತಿ, ಬುತ್ತಿ ಇಲ್ಲದ ಹೋದರ ಆಗೂದಿಲ್ಲೇನ್ರಿ?” ಎಂದೆ.

“ನೀರಿನ ದಂಡಿಗೆ ಕುಂತು ಬುತ್ತಿ ಬಿಚ್ಚಲಿಲ್ಲಂದ್ರ ಮಂದಿ ಏನಂದಾರು?”

“ಅಲ್ಲಿ ಮಂದಿ ಇರೂದಿಲ್ರಿ.”

“ಯಾಕಿಲ್ಲ? ಹದಿನೇಳು ಮಂದಿ ನಾವಽ ಇರ್ತೇವಲ್ಲ!”

ಆ ದಿನ ಅಡುಗೆಮನೆಯಲ್ಲಿ ನಾನು ನಿಜವಾಗಿ ಅತ್ತುಬಿಟ್ಟೆನೋ ಅಥವಾ ಅಳು ಬಂದಂತೆ ಆಯಿತೋ ಹೇಳಲಾರೆ. ಈರುಳ್ಳಿ ಹೆಚ್ಚುತ್ತಿದ್ದೆ. ಆದರೆ ಇದ್ದೊಂದು ಆಸೆ ನೂರೈವತ್ತು ರೊಟ್ಟಿಯ ಕೆಳಗೆ ಹೋಯಿತು ಎಂಬುದು ಮಾತ್ರ ಸ್ಪಷ್ಟವಾಗಿತ್ತು.

ದಾರಿ ತೋರಿಸಿದವರು ಕಾಕಾ ಅವರೇ. “ಮೊದಲ ಜಾಗಾ ನೋಡಿ ಬರ್ರಿ. ನೋಡಲಾರದ ಹೆಂಗ ಹೋಗೂದು?” ಎಂದರು. ಹೊಲವಾಗಲಿ, ಮನೆಯಾಗಲಿ, ಹೆಣ್ಣಾಗಲಿ, ನಮ್ಮಲ್ಲಿ ನೋಡಿ ಬರುವುದು ಎಂಬುದೊಂದು ಕೆಲಸ. ಕೆಲಸಕ್ಕೆ ಹೋಗುವಾಗ ಯಾರನ್ನೂ ‘ನೀವೂ ಬರ್ರಿ’ ಎಂದು ಕರೆಯಬೇಕಿಲ್ಲ. ಬುತ್ತಿಯೂ ಇಲ್ಲ. ರವಿವಾರ ಬೆಳಿಗ್ಗೆ ನಾವಿಬ್ಬರೂ ಬೈಕು ಹತ್ತಿದೆವು.

ಮೊದಲು ಧುಪದಾಳ. ನೀರಿತ್ತು, ಹಕ್ಕಿಗಳಿದ್ದವು. ಹದಿನೇಳು ಜನ ಕೂರುವಷ್ಟು ಹುಲ್ಲು ಕಾಣಲಿಲ್ಲ. ಅಲ್ಲಿಂದ ಹಿಡಕಲ್ ಹಿನ್ನೀರಿಗೆ ಹೋದೆವು. ಬಸ್ಸಿನಿಂದ ಕಂಡ ಹುಲ್ಲು ಹಾಗೆಯೇ ಇತ್ತು. ಅದರ ಮೇಲೆ ಕುರಿಗಳಿದ್ದವು, ಕುರಿಗಳ ನಡುವೆ ಕಂಬಳಿ ಹೊದ್ದ ಒಬ್ಬ ಹೆಂಗಸು. ನಾವು ನೆಲ ನೋಡಿಕೊಂಡು ಅತ್ತಿತ್ತ ಓಡಾಡುವುದನ್ನು ಬಹಳ ಹೊತ್ತು ನೋಡಿ ಕೇಳಿದಳು:

“ಏನ್ ಕಳ್ಕೊಂಡೀರಿ, ಅಕ್ಕಾರ?”

“ಏನಿಲ್ಲಬೇ. ಒಂದು ರಾತ್ರಿ ಇಲ್ಲಿ ಇರಾಕ ಜಾಗಾ ನೋಡಾಕತ್ತೇವಿ.”

“ಯಾಕ್ರಿ, ಮನ್ಯಾಗ ಜಗಳಾ ಆಗೇತೇನು?”

ಇಲ್ಲ, ಸುಮ್ಮನೆ, ಸಂತೋಷಕ್ಕೆ ಎಂದೆ. ಅವಳು ತನ್ನ ಬಿಡಾರದ ಕಡೆ ನೋಡಿದಳು. ನಾಲ್ಕು ಕೋಲು, ಒಂದು ತಾಡಪಾಲು, ಮೂರು ಕಲ್ಲಿನ ಒಲೆ. “ಹಂಗಾರ ನೀವು ಇಲ್ಲಿ ಇರ್ರಿ, ನಾ ನಿಮ್ಮ ಮನ್ಯಾಗ ಇರ್ತೇನಿ,” ಎಂದು ನಕ್ಕಳು.

ಅಲ್ಲಿ ಮೂರು ತಾಸು ಕೂತೆವು. ಏನು ಮಾಡಿದೆವು ಎಂದರೆ ಹೇಳಲು ಬರುವುದಿಲ್ಲ. ದಿನಚರಿಯ ಆ ಪುಟ ಖಾಲಿ. ವಾಪಸು ಬರುವಾಗ ರಸ್ತೆ ಬದಿಯಲ್ಲಿ ಮಿರ್ಚಿ ಭಜಿ ತಿಂದೆವು, ಬೇರೆ ಯಾರೋ ಕರಿದದ್ದು. ಮನೆಗೆ ಬಂದಾಗ ಕಾಕಾ ಕಟ್ಟೆಯ ಮೇಲೆ ಕಾಯುತ್ತಿದ್ದರು.

“ಹ್ಯಾಂಗೈತಿ ಜಾಗಾ?”

ಗಂಡ ನನ್ನ ಮುಖ ನೋಡಿದರು. “ಗಾಳಿ ಬಾಳ ಐತ್ರಿ, ಕಾಕಾ,” ಎಂದೆ ನಾನು. ಗಾಳಿ ಇದ್ದದ್ದು ನಿಜ. ಬಾಳ ಇತ್ತೋ ಇಲ್ಲವೋ, ಅಂಥ ಸೂಕ್ಷ್ಮಕ್ಕೆ ನೆನಪನ್ನು ನಂಬಬಾರದು.

ಮುಂದಿನ ರವಿವಾರ ಹಿನ್ನೀರಿನ ಇನ್ನೊಂದು ಮಗ್ಗುಲು ನೋಡಿದೆವು. ಅಲ್ಲಿ ಇಳಿಜಾರು ಹೆಚ್ಚು. ಅದರ ಮುಂದಿನ ರವಿವಾರದ ಜಾಗಕ್ಕೆ ನೆರಳಿರಲಿಲ್ಲ. ನಾಲ್ಕನೆಯ ಶನಿವಾರ ಸಂಜೆ ಅತ್ತೆ ಜ್ವಾಳ ಹಸನ ಮಾಡುತ್ತ, ತಲೆ ಎತ್ತದೆ ಹೇಳಿದರು:

“ನಿನ್ನ ನೋಡಾಕ ನಾವು ಎರಡು ಸಲ ಬಂದಿದ್ದಿವಿ. ಎರಡಕ್ಕ ಮುಗೀತು. ಇದೇನ ಹುಲ್ಲು ನೋಡೂದು ಮುಗಿಯೂದಽ ಇಲ್ಲ?”

ಅವರು ಮೊರ ಕೆಳಗಿಟ್ಟರು. “ನಾಳಿ ನಾನೂ ಬರ್ತೇನಿ. ನನಗೂ ಜಾಗಾ ತಿಳೀತೈತಿ.”

ಮುಗಿಯಿತು ಎಂದುಕೊಂಡೆ. ಅವರು ಆ ಹುಲ್ಲು ನೋಡಿ, ಇದಕ್ಕೇನಾಗಿದೆ ಎಂದು ಒಂದು ಮಾತು ಅಂದರೆ ಮರುದಿನದಿಂದಲೇ ನೂರೈವತ್ತು ರೊಟ್ಟಿ. ಬೆಳಿಗ್ಗೆ ಅವರ ಮನಸ್ಸು ತಿಳಿಯಲೆಂದು, “ನಾಕು ರೊಟ್ಟಿ ಕಟ್ಟಿಕೊಳ್ಳಲೇನ್ರಿ, ಅತ್ತಿ?” ಎಂದೆ.

“ಜಾಗಾ ನೋಡಾಕ ಯಾರರ ಬುತ್ತಿ ಒಯ್ತಾರೇನ?” ಎಂದು ಚಪ್ಪಲಿ ಮೆಟ್ಟಿದರು.

ಮೂವರೂ ಬಸ್ಸಿನಲ್ಲಿ ಹೋದೆವು. ಹಿನ್ನೀರಿನ ಮೊದಲ ಜಾಗದಲ್ಲೇ ಇಳಿದೆವು, ಅತ್ತೆಗೆ ಹೆಚ್ಚು ನಡೆಯುವುದಾಗುವುದಿಲ್ಲ. ಕುರಿಯ ಹೆಂಗಸು ಅಲ್ಲೇ ಇದ್ದಳು. ಅತ್ತೆ ಅವಳ ಜೊತೆ ಮಳೆ, ಮೊಮ್ಮಕ್ಕಳು, ಮಂಡಿನೋವು ಎಲ್ಲ ಮಾತಾಡಿದರು. ಮಧ್ಯಾಹ್ನ ಅವಳು ಮೂರು ಕಲ್ಲಿನ ಒಲೆಯ ಮೇಲೆ ರೊಟ್ಟಿ ಮಾಡಿ, ಮೇಲೆ ಕೆಂಪು ಖಾರ ಹಚ್ಚಿ ಮೂವರ ಕೈಗೂ ಕೊಟ್ಟಳು. ಅತ್ತೆ ಬಿಸಿ ರೊಟ್ಟಿಯನ್ನು ಕೈಯಿಂದ ಕೈಗೆ ಹಾರಿಸುತ್ತ ತಿಂದರು. ಇನ್ನೊಂದು ಕೇಳಿ ಹಾಕಿಸಿಕೊಂಡರು.

“ಕುಂತಲ್ಲೆ ಯಾರರ ರೊಟ್ಟಿ ಮಾಡಿ ಕೊಟ್ಟು, ನಾ ಉಂಡು, ಎಷ್ಟು ವರ್ಷ ಆಗೇತೋ ಏನೋ,” ಎಂದರು. ಯಾರಿಗೆ ಹೇಳಿದರೋ ತಿಳಿಯಲಿಲ್ಲ. ಆಮೇಲೆ ಹುಲ್ಲಿನ ಮೇಲೆ ಸೆರಗು ಹಾಸಿ ಮಲಗಿದರು. ಗೊರಕೆ ಬಂತು.

ಇಷ್ಟು ವರ್ಷ ಒಂದೇ ಒಲೆಯ ಎದುರು ಅವರ ಪಕ್ಕದಲ್ಲೇ ಕೂತಿದ್ದವಳು ನಾನು. ಬುತ್ತಿಯ ಹುಕಿ ಅವರಿಗೇ ಎಂದು ದಿನಚರಿಯಲ್ಲಿ ಎಷ್ಟು ಕಡೆ ಬರೆದಿದ್ದೇನೋ. ಹೊಡೆದು ಹಾಕಲು ಹೋಗಲಿಲ್ಲ. ಬದಿಯಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿದ್ದೇನೆ.

ಸಂಜೆ ಕಟ್ಟೆಯ ಮೇಲೆ ಕಾಕಾ. “ವೈನಿ, ನೀವಽ ನೋಡಿ ಬಂದ್ರಂದ್ರ ಪಕ್ಕಾ ಆತು. ಬೀಗರಿಗೆ ಯಾವಾಗಂತ ಹೇಳ್ಲಿ?”

ಅತ್ತೆ ಸೀರೆಗೆ ಅಂಟಿದ ಹುಲ್ಲಿನ ಮುಳ್ಳು ಒಂದೊಂದಾಗಿ ಕಿತ್ತು ಅವರ ಮುಂದೆ ಹಾಕಿದರು.

“ಈ ಜಾಗಾ ಬರೋಬ್ಬರಿ ಇಲ್ಲ. ನೋಡು, ಎಷ್ಟು ಮುಳ್ಳು! ಮುಂದಿನ ಐತ್ವಾರ ಮತ್ತೊಂದು ನೋಡಿ ಬರ್ತೇವಿ.”