ಅಡುಗೆಮನೆಯ ಟಿವಿ ಎಷ್ಟು ಎತ್ತರದಲ್ಲಿರಬೇಕು?

ಊರಿನ ಅರ್ಧಕ್ಕರ್ಧ ಗೋಡೆಗಳಿಗೆ ಟಿವಿ ಏರಿಸಿದ ಶೂರ, ಜನರ ಬಾಯಲ್ಲಿ 'ಮೊಳೆ ಮೇಸ್ತ್ರಿ', ಮೂವತ್ತು ವರ್ಷಗಳ ಬಳಿಕ ತನ್ನದೇ ಅಡುಗೆಮನೆಯ ಮೇಲೆ ದಂಡೆತ್ತಿ ಹೋದ. ಅಷ್ಟು ವರ್ಷವೂ ಅವನ ಹೆಂಡತಿ ನಡುಮನೆಯ ಧಾರಾವಾಹಿಗಳನ್ನು ಒಲೆಯ ಮುಂದೆ ನಿಂತು ಕಿವಿಯಲ್ಲೇ ನೋಡಿದ್ದಳು. ಇನ್ನಾದರೂ ಅವಳ ಕಣ್ಣಿಗೊಂದು ಪಾಲು ಸಿಗಲೆಂದು ಅವನು ಪಣ ತೊಟ್ಟಿದ್ದ.

ಒಲೆಯ ಬಿಸಿ, ಸಿಡಿಯುವ ಎಣ್ಣೆ, ನಲ್ಲಿಯ ನೀರು ಎಂಬ ಮೂರು ಶತ್ರುಗಳೂ ಮುಟ್ಟದ ಗೋಡೆ ಹುಡುಕಿದ. ಒಳಗೆ ಪೈಪು, ವೈರು ಇಲ್ಲವೆಂದು ಖಾತ್ರಿಯಾದ ಮೇಲೆಯೇ ತೂತು ಕೊರೆದ. ಮೇನ್ ಸ್ವಿಚ್ ಆರಿಸಿ, ಮಿಕ್ಸಿಯದಲ್ಲದ ಬೇರೆಯದೇ ಕರೆಂಟ್ ಪಾಯಿಂಟ್ ಎಳೆದ. ಟಿವಿ ಕೂರುವ ಸ್ಟ್ಯಾಂಡನ್ನು ಗೋಡೆಗೆ ಬಿಗಿದು, ಅದಕ್ಕೆ ತಾನೇ ಜೋತುಬಿದ್ದು ನೋಡಿದ. ಗೋಡೆ ಕಮಕ್ ಕಿಮಕ್ ಎನ್ನಲಿಲ್ಲ. ಇನ್ನು ಎತ್ತರದ ವಿದ್ಯೆ ಅವನಿಗೆ ಕರತಲಾಮಲಕ: ಕೂತವರ ಕಣ್ಣಿನ ಮಟ್ಟಕ್ಕೆ ಪರದೆಯ ನಡು.

"ಬಾರೇ, ನೋಡು!"

ಒಲೆಯ ಮುಂದೆ ನಿಂತ ಹೆಂಡತಿ ಪರದೆ ನೋಡಲು ಸೊಂಟ ಬಗ್ಗಿಸಬೇಕಾಯಿತು. "ಅಲ್ಲಾ ರೀ, ಈ ಅಡುಗೆಮನೇಲಿ ನಾನು ಕೂತಿದ್ದನ್ನ ಯಾವತ್ತು ನೋಡಿದ್ರಿ?"

ಶೂರ ಗೋಡೆ ನೋಡಿದ, ಆಮೇಲೆ ಹೆಂಡತಿಯ ಕಾಲು ನೋಡಿದ.

"ಟಿವಿ ಸರಿಯಾಗೇ ಇದೆ ಕಣೇ. ಎತ್ತರ ತಪ್ಪಿರೋದು ನಿಂದು," ಎಂದವನೇ ನಡುಮನೆಯ ತನ್ನ ಕುರ್ಚಿಯನ್ನೇ ಹೊತ್ತು ತಂದು, ಅವಳನ್ನು ಕೂರಿಸಿ, ಸೌಟು ಕಿತ್ತುಕೊಂಡ.

ಧಾರಾವಾಹಿ ಶುರುವಾಯಿತು. ಅವಳ ಕಣ್ಣು ಮಾತ್ರ ಬಾಣಲೆಯ ಮೇಲೆ. "ಉರಿ ಸಣ್ಣ ಮಾಡ್ರೀ, ತಳ ಹಿಡಿಯುತ್ತೆ!"

"ಟಿವಿ ನೋಡೇ, ಮಹರಾಯ್ತಿ!"

"ಅದು ನಾಳೆನೂ ಬರುತ್ತೆ ಬಿಡಿ," ಎಂದು ಅವಳು ಕುರ್ಚಿಯನ್ನು ಗಂಡನ ಕಡೆಗೆ ತಿರುಗಿಸಿಕೊಂಡಳು.