ಕಿಟಕಿ ಪಟ್ಟಿಯ ವಿಮಾನ

ನೀವೇ ಹೇಳಿ ಸ್ನೇಹಿತರೇ, ಹಾರುವ ವಿಮಾನಕ್ಕೆ ಯಾರಾದರೂ ಕಿಟಕಿಯ ಅಲ್ಯೂಮಿನಿಯಂ ಪಟ್ಟಿ ಹಾಕುತ್ತಾರೆಯೇ? ಫೋಮ್ ಬೋರ್ಡಿನಲ್ಲಿ ನಾನು ಮಾಡಿದ ರಿಮೋಟ್ ವಿಮಾನದ ರೆಕ್ಕೆ ತಿರುವಿನಲ್ಲಿ ಬಾಗುತ್ತಿತ್ತು. ಒಳಗೊಂದು ತೆಳ್ಳನೆಯ ಬಿದಿರು ಕಡ್ಡಿ ಅಂಟಿಸಿದ್ದರೆ ಸಾಕಿತ್ತು. ಶಿವಾಜಿನಗರದಲ್ಲಿ ಕಿಟಕಿ ಕೆಲಸ ಮಾಡುವ ಗೆಳೆಯ ಇಮ್ರಾನ್, "ಕೊಡು ಮಗಾ, ನಾನು ಗಟ್ಟಿ ಮಾಡ್ಕೊಡ್ತೀನಿ" ಎಂದು ಒಯ್ದಿದ್ದ.

ಇವತ್ತು ಬೆಳಿಗ್ಗೆ ಕೆ.ಆರ್. ಪುರದ ಮೈದಾನಕ್ಕೆ ಅವನು ರೆಕ್ಕೆಯೊಳಗೆ ಕಿಟಕಿ ಪಟ್ಟಿ ಕೂರಿಸಿ ತಂದ; ಕೈಗೆ ತೆಗೆದುಕೊಂಡಾಗಲೇ ಭಾರ ಗೊತ್ತಾಯಿತು.

"ಇದು ಮೇಲೇಳಲ್ಲ ಕಣೋ" ಎಂದೆ.

"ಏಳತ್ತೆ ಬಿಡು" ಎಂದು ಅವನೇ ಎಸೆದ.

ಹತ್ತು ಹೆಜ್ಜೆ ಆಚೆ ಮೂಗು ಕೆಳಗಾಗಿ ಬಿತ್ತು. ಮೋಟಾರು ಕಿತ್ತುಬಂತು, ಬಾಲ ಮುರಿಯಿತು. ಅವನು ಓಡಿಹೋಗಿ ಎತ್ತಿ, "ನೋಡು, ರೆಕ್ಕೆಗೆ ಏನೂ ಆಗಿಲ್ಲ" ಎಂದ. ಮುಖದಲ್ಲಿ ಹೆಮ್ಮೆ ಬೇರೆ.

ಆ ರೆಕ್ಕೆ ಈಗ ನಮ್ಮ ಬಾಲ್ಕನಿಯಲ್ಲಿದೆ. ಅದರ ಮೇಲೆ ಎರಡು ಒದ್ದೆ ಜೀನ್ಸ್ ಒಣಹಾಕಿದ್ದೇನೆ, ಒಂಚೂರೂ ಬಾಗಿಲ್ಲ.